ಬೌರಿಂಗ್‌ಪೇಟೆಯ ಸಾಹೇಬ ಮತ್ತು ಬೆಂಗಳೂರಿನ ಕೆಂಪು ಮ್ಯೂಸಿಯಂ

ರೈಲ್ವೆಯವರ ಲೆಕ್ಕದಲ್ಲಿ ಬಂಗಾರಪೇಟೆ ಜಂಕ್ಷನ್ನಿನ ಸಂಕೇತಾಕ್ಷರ ಇವತ್ತಿಗೂ ಬಿಡಬ್ಲ್ಯೂಟಿ. ಊರಿನ ಬೋರ್ಡು ಬದಲಾಗಿ ಎಷ್ಟೋ ಕಾಲವಾಯಿತು, ಆದರೆ ಹಳೆಯ ಬೌರಿಂಗ್‌ಪೇಟೆ ಆ ಮೂರು ಅಕ್ಷರಗಳಲ್ಲಿ ಉಳಿದುಕೊಂಡಿದೆ. ಕೆಜಿಎಫ್ ಕಡೆಯಿಂದ ದಿನವೂ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಸಾವಿರಾರು ಜನರಿಗೆ ಬೌರಿಂಗ್ ಎಂದರೆ ಶಿವಾಜಿನಗರದ ಆಸ್ಪತ್ರೆ, ಹೆಚ್ಚೆಂದರೆ ಒಂದು ಕ್ಲಬ್ಬು. ಅದೇ ಸಾಹೇಬನ ಕಾಲದಲ್ಲಿ ಹುಟ್ಟಿದ ಇನ್ನೊಂದು ಸಂಸ್ಥೆ ಕಬ್ಬನ್ ಪಾರ್ಕಿನ ಅಂಚಿನಲ್ಲಿ, ಕಸ್ತೂರಬಾ ರಸ್ತೆಯ ಮೇಲಿದೆ. ಅದು ಸರ್ಕಾರಿ ವಸ್ತುಸಂಗ್ರಹಾಲಯ. ನಮ್ಮ ಸೀಮೆಯ ಜನ ಒಮ್ಮೆಯಾದರೂ ಅದನ್ನು ಸಾವಕಾಶವಾಗಿ ನೋಡಬೇಕು. ಅಲ್ಲಿರುವುದು ನಮ್ಮದೂ ಹೌದು.

ಲೆವಿನ್ ಬೆಂಥಮ್ ಬೌರಿಂಗ್ ಹುಟ್ಟಿದ್ದು 1824ರಲ್ಲಿ, ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ. ತಂದೆ ಸರ್ ಜಾನ್ ಬೌರಿಂಗ್ ಹಲವು ಭಾಷೆ ಬಲ್ಲವರು, ತತ್ವಜ್ಞಾನಿ ಜೆರೆಮಿ ಬೆಂಥಮ್‌ನ ಆಪ್ತರು, ಮುಂದೆ ಹಾಂಗ್‌ಕಾಂಗ್‌ನ ಗವರ್ನರ್ ಆದವರು. ಸ್ಪೇನಿನ ಹಳೆಯ ಕಾವ್ಯಗಳನ್ನು ಇಂಗ್ಲಿಷಿಗೆ ತಂದು ಅವರು ಪುಸ್ತಕ ಮಾಡಿದ್ದೂ ಮಗ ಹುಟ್ಟಿದ ವರ್ಷವೇ. ಮಗ ಕಂಪನಿಯ ನೌಕರಿ ಹಿಡಿದು ಬಂಗಾಳಕ್ಕೆ ಬಂದು, ಪಂಜಾಬಿನಲ್ಲಿ ಪಳಗಿ, 1858ರಿಂದ ವೈಸ್‌ರಾಯ್ ಲಾರ್ಡ್ ಕ್ಯಾನಿಂಗ್‌ನ ಖಾಸಗಿ ಕಾರ್ಯದರ್ಶಿಯಾದ. ದರ್ಬಾರಿನ ರೀತಿ ರಿವಾಜುಗಳನ್ನು, ರಾಜಮಹಾರಾಜರನ್ನು ಅಷ್ಟು ಹತ್ತಿರದಿಂದ ಕಂಡ ಅಧಿಕಾರಿಗಳು ಕಡಿಮೆ. ಹಿಂದೂಸ್ತಾನದ ಅರಸರು, ಸರದಾರರು, ಅವರ ಪರಿವಾರದವರು ಇರುವ ಆತನ ಚಿತ್ರಸಂಪುಟವೊಂದು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೂಡಿಡುವ ಗುಣ ಆತನಿಗೆ ಮೊದಲಿನಿಂದಲೂ ಇತ್ತು.

1862ರಲ್ಲಿ ಬೌರಿಂಗ್ ಮೈಸೂರಿನ ಕಮಿಷನರ್ ಆಗಿ ಬಂದ. ಮಾರ್ಕ್ ಕಬ್ಬನ್ ಇಪ್ಪತ್ತೇಳು ವರ್ಷ ಆಳಿ ಹೋದ ಜಾಗ ಅದು. ಎಂಟು ವರ್ಷದಲ್ಲಿ ಬೌರಿಂಗ್ ಸಂಸ್ಥಾನದ ಆಡಳಿತವನ್ನು ಹೊಸದಾಗಿ ಕಟ್ಟಿದ: ಜಿಲ್ಲೆಗಳ ವ್ಯವಸ್ಥೆ, ಜಮೀನಿನ ಸರ್ವೆ, ಶಾಲಾ ಇಲಾಖೆ, ಬೆಂಗಳೂರಿನ ಅಠಾರಾ ಕಚೇರಿ. 1864ರಲ್ಲಿ ಜೋಲಾರಪೇಟೆಯಿಂದ ದಂಡು ಪ್ರದೇಶಕ್ಕೆ ರೈಲು ಬಂತು. ಆ ಹಳಿಯ ಪಕ್ಕದಲ್ಲೇ ಬೌರಿಂಗ್‌ಪೇಟೆ ಬೆಳೆಯಿತು. ಆಗಿನ್ನೂ ಕೆಜಿಎಫ್ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ಮಾರಿಕುಪ್ಪಂ ಸುತ್ತಿನ ಜನ ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು 1802ರಷ್ಟು ಹಿಂದೆಯೇ ಲೆಫ್ಟಿನೆಂಟ್ ಜಾನ್ ವಾರನ್ ಕಂಡಿದ್ದ. ಆದರೆ ಚಿನ್ನ ಹುಡುಕುತ್ತ ಮೈಕೆಲ್ ಲ್ಯಾವೆಲ್ ಬೆಂಗಳೂರಿನಿಂದ ಎತ್ತಿನ ಗಾಡಿ ಕಟ್ಟಿಕೊಂಡು ಇತ್ತ ಬಂದದ್ದು 1871ರಲ್ಲಿ. ಅಷ್ಟು ಹೊತ್ತಿಗೆ ಬೌರಿಂಗ್ ಅಧಿಕಾರ ಬಿಟ್ಟು ಹೋಗಿಯಾಗಿತ್ತು.

ಮ್ಯೂಸಿಯಂ ಶುರುವಾದದ್ದು 1865ರ ಆಗಸ್ಟ್‌ನಲ್ಲಿ. ಅದರ ಹಿಂದೆ ಇನ್ನೊಬ್ಬನ ಕೈಯಿದೆ: ಸೈನ್ಯದ ವೈದ್ಯ ಎಡ್ವರ್ಡ್ ಬಾಲ್ಫರ್. 1851ರಲ್ಲಿ ಮದರಾಸಿನ ಮ್ಯೂಸಿಯಂ ಕಟ್ಟಿ ನಡೆಸಿ, ಭಾರತದ ಬಗ್ಗೆ ದೊಡ್ಡ ವಿಶ್ವಕೋಶ ಬರೆದ ಆಸಾಮಿ. ಆತನ ಅನುಭವವನ್ನು ಬೌರಿಂಗ್ ಬಳಸಿಕೊಂಡ ಬಗೆ ನನಗೆ ಬಹಳ ಹಿಡಿಸುತ್ತದೆ. ಅರಮನೆಯ ಉಗ್ರಾಣ ತೆರೆಸಲಿಲ್ಲ, ವಿಲಾಯಿತಿಯಿಂದ ಶಿಲ್ಪ ತರಿಸಲಿಲ್ಲ. ನಿಮ್ಮಲ್ಲಿ ಹಳೆಯ ವಸ್ತು, ಕಲ್ಲು, ಖನಿಜ, ವಿಶೇಷವಾದದ್ದು ಏನಿದ್ದರೂ ತಂದುಕೊಡಿ ಎಂದು ಸಾರ್ವಜನಿಕರಿಗೆ ಸರ್ಕಾರದ ಪ್ರಕಟಣೆ ಹೊರಟಿತು. ದಂಡಿನ ಹಳೆಯ ಜೈಲು ಕಟ್ಟಡದಲ್ಲಿ ಬಾಗಿಲು ತೆರೆಯಿತು. ಆ ಬೀದಿಗೆ ಮ್ಯೂಸಿಯಂ ರೋಡ್ ಎಂಬ ಹೆಸರು ಈಗಲೂ ಇದೆ. ಬಾಯಿ ತುಂಬಾ ಅದನ್ನು ‘ತಮಾಷೆ ಬಂಗ್ಲೆ’ ಎಂದು ಕರೆಯುತ್ತ ಜನ ನೋಡಲು ಬರುತ್ತಿದ್ದರಂತೆ.

ಯುರೋಪಿನಲ್ಲಿ ದೊಡ್ಡ ಮ್ಯೂಸಿಯಂಗಳು ಹುಟ್ಟಿದ ಕ್ರಮ ಬೇರೆ. ಸ್ಪೇನಿನ ಪ್ರಾಡೊ 1819ರ ನವೆಂಬರ್ 19ರಂದು ತೆರೆದಾಗ ಗೋಡೆಯ ಮೇಲಿದ್ದ 311 ಚಿತ್ರಗಳೂ ರಾಜಮನೆತನದವು. ಅದರ ಮೊದಲ ನಿರ್ದೇಶಕ ಸಾಂತಾ ಕ್ರೂಸ್‌ನ ಮಾರ್ಕ್ವಿಸ್ ಹೋಸೆ ಗಾಬ್ರಿಯೆಲ್ ಡಿ ಸಿಲ್ವಾ ಬಜಾನ್, ದೊರೆ ಏಳನೆಯ ಫರ್ಡಿನೆಂಡನ ಅರಮನೆಯ ಮೇಲ್ವಿಚಾರಣೆ ನೋಡುತ್ತಿದ್ದ ಕುಲೀನ. ಆಸ್ಥಾನದ ಮನುಷ್ಯನೇ ಆಸ್ಥಾನದ ಸಂಪತ್ತನ್ನು ಜನರ ಕಣ್ಣಿಗೆ ತೆರೆದಿಟ್ಟ. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು ಮೈಸೂರಿನ ಜಗನ್ಮೋಹನ ಅರಮನೆ: ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು, 1915ರಲ್ಲಿ ಚಿತ್ರಶಾಲೆಯಾದದ್ದು. ಬೆಂಗಳೂರಿನ ಸಂಗ್ರಹಾಲಯ ಈ ಎರಡಕ್ಕೂ ಬೇರೆ ಜಾತಿಯದು. ಅರಸರ ತಿಜೋರಿಗಿಂತ ಹೆಚ್ಚಾಗಿ ಅದು ಹೊಲ, ಕೆರೆ ಏರಿ, ಊರಬಾಗಿಲುಗಳಿಂದ ತುಂಬಿಕೊಂಡಿತು.

ಈಗಿನ ಕೆಂಪು ಕಟ್ಟಡ 1870ರ ದಶಕದ ಕೊನೆಯದು, ಎತ್ತರದ ಕೊರಿಂಥಿಯನ್ ಕಂಬಗಳುಳ್ಳದ್ದು. ವಿನ್ಯಾಸ ಕರ್ನಲ್ ರಿಚರ್ಡ್ ಸ್ಯಾಂಕಿಯದು, ಅಠಾರಾ ಕಚೇರಿಯನ್ನೂ ಸ್ಯಾಂಕಿ ಕೆರೆಯನ್ನೂ ಮಾಡಿದವನು. ಒಳಗೆ ಹೊಯ್ಸಳ ಶಿಲ್ಪಗಳಿವೆ, ಚಂದ್ರವಳ್ಳಿಯ ಉತ್ಖನನದ ಮಡಕೆ ಚೂರುಗಳಿವೆ, ಕೊಡಗಿನ ಆಯುಧ, ನಾಣ್ಯ, ಶ್ರೀರಂಗಪಟ್ಟಣದ ಕೋಟೆಯ ಮಾದರಿ ಇವೆ. ಇವನ್ನೆಲ್ಲ ನೋಡುತ್ತ ನಡೆದವರು ಒಂದು ಕಲ್ಲಿನ ಮುಂದೆ ಮಾತ್ರ ನಿಲ್ಲಲೇಬೇಕು. ಅದು ಮದ್ದೂರು ಕಡೆಯ ಆತಕೂರಿನ ಶಾಸನ, ಹತ್ತನೆಯ ಶತಮಾನದ ನಡುಭಾಗದ್ದು.

ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ 949ರಲ್ಲಿ ತಕ್ಕೋಲದಲ್ಲಿ ಚೋಳರ ಮೇಲೆ ಕಾದಾಡಿದರು. ಚೋಳ ರಾಜಕುಮಾರ ರಾಜಾದಿತ್ಯ ಅಲ್ಲಿ ಬಿದ್ದ. ಬೂತುಗನ ಆಳು ಮಣಲೆರ ಆ ಯುದ್ಧದಲ್ಲಿ ಶೌರ್ಯ ತೋರಿದ. ಏನು ಬೇಕು ಕೇಳು ಎಂದ ಒಡೆಯನ ಬಳಿ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ‘ಕಾಳಿ’ ಎಂಬ ಬೇಟೆನಾಯಿ ಕೇಳಿದ. ಆ ನಾಯಿಯನ್ನು ಮುಂದೆ ಕಾಡುಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ತಟ್ಟಲಿ ಎಂದೂ ಬರೆಸಿದರು. ಮೇಲೆ ನಾಯಿ ಹಂದಿಗಳ ಕಾಳಗದ ಕೆತ್ತನೆ, ಸುತ್ತ ಹಳಗನ್ನಡದ ಅಕ್ಷರ. ಒಂದೇ ಕಲ್ಲಿನಲ್ಲಿ ಸಾಮ್ರಾಜ್ಯಗಳ ಯುದ್ಧವೂ ಒಂದು ನಾಯಿಯ ಸಾವೂ ಸಮನಾಗಿ ಜಾಗ ಪಡೆದಿವೆ. ಕನ್ನಡದ ಇಷ್ಟು ದೊಡ್ಡ ಮನಸ್ಸನ್ನು ನಾನು ಬೇರೆ ಯಾವ ಶಾಸನದಲ್ಲೂ ಕಂಡಿಲ್ಲ.

ಇದಕ್ಕೂ ನಮಗೂ ನಂಟಿದೆ. ಗಂಗರು ತಮ್ಮನ್ನು ಕುವಲಾಲಪುರದ ಒಡೆಯರು ಎಂದು ಬಿರುದಿನಲ್ಲಿ ಹೇಳಿಕೊಳ್ಳುತ್ತಿದ್ದರು. ಕುವಲಾಲವೇ ಇಂದಿನ ಕೋಲಾರ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ, ಅವನ ಮಗ ಟಿಪ್ಪು ಇಬ್ಬರ ಮೇಲೆ ಬೌರಿಂಗ್ 1893ರಲ್ಲಿ ಒಂದು ಪುಸ್ತಕ ಬರೆದ. ಇಂಗ್ಲಿಷರ ಕಣ್ಣಿನಿಂದ ಬರೆದದ್ದು, ಅದನ್ನು ಆ ಎಚ್ಚರದಲ್ಲೇ ಓದಬೇಕು. ಆದರೆ ಶಾಸನಗಳ ವಿಷಯದಲ್ಲಿ ಆತನ ಕಾಲದಲ್ಲಿ ನಡೆದ ಕೆಲಸಕ್ಕೆ ನಾವು ನಿಜಕ್ಕೂ ಋಣಿಗಳು. 1865ರಲ್ಲೇ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿ ಸರ್ಕಾರದ ಪರವಾಗಿ ಸುಮಾರು 150 ಶಾಸನಗಳ ಫೋಟೋ ತೆಗೆದ. ಆ ಫೋಟೋಗಳನ್ನು ಓದುತ್ತ ಓದುತ್ತ ಬೆಂಗಳೂರಿನಲ್ಲೇ ಹುಟ್ಟಿದ ಬೆಂಜಮಿನ್ ಲೆವಿಸ್ ರೈಸ್ ಶಾಸನಶಾಸ್ತ್ರಕ್ಕೆ ಇಳಿದರು. ‘ಎಪಿಗ್ರಾಫಿಯಾ ಕರ್ನಾಟಿಕಾ’ ಅದರ ಫಲ. ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲಾದ ಹತ್ತನೆಯ ಸಂಪುಟ 1905ರಲ್ಲಿ ಬಂತು. ನಮ್ಮೂರ ಗುಡಿಯ ಮುಂದೆ ನಿಂತ ಎಷ್ಟೋ ಕಲ್ಲುಗಳನ್ನು ಇಂದು ಓದಬಹುದಾದದ್ದು ಆ ಸಂಪುಟದಿಂದ.

ಮ್ಯೂಸಿಯಂ ಪಕ್ಕದಲ್ಲೇ ವೆಂಕಟಪ್ಪ ಚಿತ್ರಶಾಲೆ ಇದೆ. ಕೆ. ವೆಂಕಟಪ್ಪನವರು (1886–1965) ಮೈಸೂರು ಆಸ್ಥಾನದ ಚಿತ್ರಗಾರರ ಮನೆತನದವರು, ಕಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. ಅವರ ಊಟಿಯ ಜಲವರ್ಣಗಳಲ್ಲಿ ಮಂಜು ಬೆಟ್ಟದಿಂದ ಇಳಿಯುವುದನ್ನು ನೋಡಲು ಅರ್ಧ ದಿನ ಬೇಕು.

ಈ ಮ್ಯೂಸಿಯಂನ ಪರಿಚಯ ಬರೆಯುವಾಗ ಕೆಜಿಎಫ್ ನನ್ನ ಕಣ್ಣೆದುರಿನಿಂದ ಸರಿಯುತ್ತಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಲ್ಲಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನ ಇಲ್ಲಿಂದ ಹೊರಬಂತು. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರ ವಿದ್ಯುತ್ತು ಬಂದು ತಲುಪಿದ್ದು ಈ ಗಣಿಗೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಒಸಾಕಾ ಮತ್ತು ಡರ್ಹಮ್‌ನವರ ಜೊತೆ ಸೇರಿ ಮಾಡಿದ ಪ್ರಯೋಗ ಅದು. ಇಷ್ಟು ದೊಡ್ಡ ಚರಿತ್ರೆಯುಳ್ಳ ನೆಲದ ನೆನಪು ಸಣ್ಣ ಪೆಟ್ಟಿಗೆಯಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೊಂದು ಪೂರ್ಣ ಪ್ರಮಾಣದ ಸಂಗ್ರಹಾಲಯ ಬೇಕು, ಗಣಿಯ ಪಕ್ಕದಲ್ಲೇ ಬೇಕು.

ಯಂತ್ರಗಳು, ನಕ್ಷೆಗಳು, ಕಲ್ಲಿನ ಮಾದರಿಗಳು ಸಂಸ್ಥೆಗಳ ಕೈಯಲ್ಲಿರುತ್ತವೆ, ಪತ್ರ ಬರೆದು ತರಿಸಬಹುದು. ಆದರೆ ಕೆಳಗಿಳಿದು ದುಡಿದವರ ಬದುಕು ಮನೆಗಳಲ್ಲಿದೆ. ತಾತ ಶಾಫ್ಟಿಗೆ ಇಳಿಯುವಾಗ ಹಿಡಿದ ದೀಪ, ತಲೆಯ ಟೋಪಿ, ಸಂಬಳದ ಚೀಟಿ, ಅಜ್ಜಿ ಊಟ ಕಟ್ಟಿಕೊಡುತ್ತಿದ್ದ ಡಬ್ಬಿ, ಯೂನಿಯನ್ ಸಭೆಯ ಫೋಟೋ, ತಮಿಳು ತೆಲುಗು ಕನ್ನಡ ಇಂಗ್ಲಿಷಿನಲ್ಲಿ ಬರೆದ ಪತ್ರ. ಇವನ್ನು ಕೂಡಿಸಲು ಕೋಟಿಗಟ್ಟಲೆ ಹಣಕ್ಕಿಂತ ಮೊದಲು ಬೇಕಾದದ್ದು ಬೌರಿಂಗ್, ಬಾಲ್ಫರ್ ಹೊರಡಿಸಿದಂಥ ಒಂದು ಪ್ರಕಟಣೆ ಮತ್ತು ತಂದುಕೊಟ್ಟವರ ಹೆಸರು ಬರೆದಿಡುವ ಒಂದು ದಫ್ತರ. ಜಿಲ್ಲಾಡಳಿತ ಮನಸ್ಸು ಮಾಡಿದರೆ ಆ ಪ್ರಕಟಣೆಯನ್ನು ಈ ವರ್ಷವೇ ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರಿಗಾಂ, ಕೋರಮಂಡಲದ ಲೈನುಗಳಲ್ಲಿ ಅಂಟಿಸಬಹುದು.