ಬೆಂಗಳೂರಿನ ಆಡಳಿತ ಬದಲಿಸಿದ ಹೊರವಲಯ

ಬೆಂಗಳೂರಿನ ಸ್ಥಳೀಯ ಆಡಳಿತದ ಸ್ವರೂಪವನ್ನು ಬದಲಿಸಿದ್ದು ಅದರ ಹೊರವಲಯ. 2007ರಲ್ಲಿ ಯಲಹಂಕ, ದಾಸರಹಳ್ಳಿ, ಬೊಮ್ಮನಹಳ್ಳಿ ಸೇರಿದಂತೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳು ಮಹಾನಗರ ಪಾಲಿಕೆಯೊಂದಿಗೆ ವಿಲೀನಗೊಂಡು ಬಿಬಿಎಂಪಿ ರೂಪುಗೊಂಡಿತು. 100 ಇದ್ದ ವಾರ್ಡ್‌ಗಳು 2010ರ ಚುನಾವಣೆಯ ವೇಳೆಗೆ 198 ಆಗಿದ್ದವು.

ಹೊಸ ಬಡಾವಣೆಗಳ ಮತದಾರರು ಕೇಳಿದ್ದು ಕಾವೇರಿ ನೀರು, ಒಳಚರಂಡಿ, ರಸ್ತೆ. ಆದರೆ ಆ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಗೊಂಡಿದ್ದು 2024ರ ಅಕ್ಟೋಬರ್‌ನಲ್ಲಿ.

ಇದರ ನಡುವೆ, 2020ರ ಸೆಪ್ಟೆಂಬರ್‌ನಲ್ಲಿ ಸದಸ್ಯರ ಅವಧಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾಗಿ ವಿಭಜನೆಗೊಳ್ಳುವವರೆಗೂ ಆಡಳಿತಾಧಿಕಾರಿಗಳದೇ ಕಾರುಬಾರು. ಚರಂಡಿ ದುರಸ್ತಿಗೂ ಶಾಸಕರ ಮನೆಬಾಗಿಲೇ ಗತಿಯಾಯಿತು. ಪಾಲಿಕೆಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಅಧಿಕಾರ ಜನರ ಹತ್ತಿರ ಬಾರದು. ವಾರ್ಡಿಗೊಬ್ಬ ಚುನಾಯಿತ ಪ್ರತಿನಿಧಿಯೂ ಬೇಕು.