ಮುಮ್ಮಡಿಯವರ ಗಂಜೀಫಾ: ಒಂದು ಕಟ್ಟಿಗೆ 360 ಎಲೆ!

ಇಸ್ಪೀಟಿನ ಕಟ್ಟಿನಲ್ಲಿ ಇರುವುದು 52 ಎಲೆ. ಮೈಸೂರು ಅರಮನೆಯಲ್ಲಿ ರೂಪುಗೊಂಡ ಗಂಜೀಫಾದ ಅತಿ ದೊಡ್ಡ ಕಟ್ಟಿನಲ್ಲಿ 360.

ಪರ್ಷಿಯಾದಿಂದ ಬಂದ ಈ ಆಟ ಮೊಗಲರ ಆಶ್ರಯದಲ್ಲಿ ಬೆಳೆಯಿತು. 1527ರಲ್ಲಿ ಬಾಬರ್ ಸಿಂಧ್‌ನ ಷಾ ಹಸನ್‌ಗೆ ಗಂಜೀಫಾ ಕಳುಹಿಸಿದ ಉಲ್ಲೇಖ ಆತನ ಆತ್ಮಕಥೆಯಲ್ಲಿದೆ. ಮೊಗಲ್ ಕಟ್ಟಿಗೆ 96 ಎಲೆ. ಹಿಂದೂಗಳ ದಶಾವತಾರ ಕಟ್ಟಿಗೆ 120: ಅವತಾರಕ್ಕೊಂದು ರಾಜ, ಒಂದು ಮಂತ್ರಿ, ಜೊತೆಗೆ ಒಂದರಿಂದ ಹತ್ತರವರೆಗಿನ ಎಲೆಗಳು. ಅರ್ಧ ಪಂಗಡಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಒಂದೇ ದೊಡ್ಡದು. ನೆನಪಿನ ಶಕ್ತಿ ಇಲ್ಲದವರಿಗೆ ಹೇಳಿದ ಆಟವಲ್ಲ!

ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಇಷ್ಟಕ್ಕೇ ತೃಪ್ತರಾಗಲಿಲ್ಲ. 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ 36 ಎಲೆಗಳಿಂದ 360ರವರೆಗಿನ 13 ಆಟಗಳ ವಿವರವಿದೆ. ಇವಕ್ಕೆ 'ಛದ' ಎಂದು ಹೆಸರು. ಸಂಸ್ಕೃತದಲ್ಲಿ ಎಲೆ ಎಂದರ್ಥ. ಚಾಮುಂಡೇಶ್ವರಿ ಛದವೊಂದಕ್ಕೇ 320 ಎಲೆ. ಪ್ರತಿಯೊಂದನ್ನೂ ಕೈಯಿಂದಲೇ ಚಿತ್ರಿಸಬೇಕಾದುದರಿಂದ ಇಂಥ ಕಟ್ಟುಗಳು ಸಹಜವಾಗಿಯೇ ವಿರಳ. ಅಚ್ಚಿನ ಅಗ್ಗದ ಇಸ್ಪೀಟಿನೆದುರು ಅವು ನಿಲ್ಲಲಿಲ್ಲ.

ಕಲಾವಿದ ಗಂಜೀಫಾ ರಘುಪತಿ ಭಟ್ಟರ ಶ್ರಮದಿಂದ ಚಿತ್ರಕಲೆಗೆ ಮರುಜೀವ ಬಂದಿದೆ. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಆದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲು ಕೊಳ್ಳುವವರೇ ಹೆಚ್ಚು. ಎಲೆ ಹಂಚಿ ಆಡುವವರು ಸಿಗುವುದು ಕಷ್ಟ.