ಕಾಮನ್, ವೈಡ್‌ಸ್ಪ್ರೆಡ್, ರ‍್ಯಾಂಪಂಟ್: ಎಲ್ಲಾ ಒಂದೇನಾ?

ಇವತ್ತಿನ ವಿಷಯ, ಒಂದೇ ಅರ್ಥ ಅಂತ ನಾವು ನಂಬಿರೋ ಕೆಲವು ಇಂಗ್ಲಿಷ್ ಪದಗಳು. ಫೋನಲ್ಲಿ ‘ಕಾಮನ್’ಗೆ ಸಿನೊನಿಮ್ ಹುಡುಕಿ ನೋಡಿ. ವೈಡ್‌ಸ್ಪ್ರೆಡ್, ಪ್ರೆವಲೆಂಟ್, ಯುಬಿಕ್ವಿಟಸ್, ಪರ್ವೇಸಿವ್, ರ‍್ಯಾಂಪಂಟ್ ಅಂತ ಸಾಲಾಗಿ ಬರ್ತವೆ. ನಾವೇನ್ ಮಾಡ್ತೀವಿ? ಯಾವುದು ಜಾಸ್ತಿ ತೂಕದ ಪದದ ಹಾಗೆ ಕಾಣುತ್ತೋ ಅದನ್ನ ಎತ್ತಿ ಇಮೇಲ್‌ಗೆ ಹಾಕ್ತೀವಿ. ತೊಂದರೆ ಶುರುವಾಗೋದೇ ಅಲ್ಲಿ.

ಹೊಸದಾಗಿ ಕೆಲಸಕ್ಕೆ ಸೇರಿದ್ದೀರಿ ಅಂದ್ಕೊಳ್ಳಿ. ನಿಮ್ಮ ಬ್ರಾಂಚಲ್ಲಿ ಬಿಲ್‌ಗಳು ಆಗಾಗ ತಡ ಆಗ್ತಿವೆ. ರಿಪೋರ್ಟಲ್ಲಿ ಇದು ‘ಕಾಮನ್’ ಅಂತ ಬರೆದ್ರೆ ಮ್ಯಾನೇಜರ್ ಓದಿ, ಸರಿ, ನೋಡೋಣ ಅಂತಾರೆ. ಅದೇ ಜಾಗದಲ್ಲಿ ‘ರ‍್ಯಾಂಪಂಟ್’ ಅಂತ ಬರೆದ್ರೆ? ಪರಿಸ್ಥಿತಿ ಕೈಮೀರಿದೆ, ಇಲ್ಲಿ ಹೇಳೋರು ಕೇಳೋರು ಯಾರೂ ಇಲ್ಲ ಅಂತ ನೀವು ಬರೆದ ಹಾಗಾಯ್ತು. ಹೇಳಬೇಕಾದವರು, ಕೇಳಬೇಕಾದವರು ಯಾರು? ಅದೇ ಮ್ಯಾನೇಜರ್! ನೀವು ಕೊಟ್ಟಿದ್ದು ಮಾಹಿತಿ, ಅವರಿಗೆ ತಲುಪಿದ್ದು ದೂರು.

ರ‍್ಯಾಂಪಂಟ್ ಪದದ ಮೂಲ ಹಳೇ ಫ್ರೆಂಚ್. ತೆವಳೋದು, ಹತ್ತೋದು ಅನ್ನೋ ಅರ್ಥದ ಕ್ರಿಯಾಪದದಿಂದ ಬಂದಿದೆ. ಸ್ಕಾಟ್ಲೆಂಡಿನ ರಾಜಧ್ವಜದಲ್ಲಿ ಹಿಂಗಾಲ ಮೇಲೆ ನಿಂತು ಪಂಜ ಎತ್ತಿರೋ ಕೆಂಪು ಸಿಂಹ ಇದೆಯಲ್ಲ, ಆ ಭಂಗಿಗೂ ರ‍್ಯಾಂಪಂಟ್ ಅಂತಲೇ ಹೆಸರು. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ‘ತಾಂಡವವಾಡ್ತಿದೆ’. ಭ್ರಷ್ಟಾಚಾರ ತಾಂಡವವಾಡುತ್ತೆ, ವದಂತಿ ತಾಂಡವವಾಡುತ್ತೆ. ಪ್ರಾಮಾಣಿಕತೆ ತಾಂಡವವಾಡ್ತಿದೆ ಅಂತ ಯಾರಾದ್ರೂ ಹೇಳಿದ್ದು ಕೇಳಿದ್ದೀರಾ? ‘ರೈಫ್’ ಅನ್ನೋ ಪದಕ್ಕೂ ಇದೇ ಗುಣ. ಹೆಚ್ಚಾಗಿ ಕೆಟ್ಟದ್ದರ ಜೊತೆಗೇ ಅದರ ಓಡಾಟ.

ಯುಬಿಕ್ವಿಟಸ್‌ಗೆ ಆ ಕೋಪ ಇಲ್ಲ. ‘ಎಲ್ಲೆಲ್ಲೂ’ ಅನ್ನೋ ಅರ್ಥದ ಲ್ಯಾಟಿನ್ ಪದದಿಂದ ಬಂದಿದ್ದು. ಯುಪಿಐ ಶುರುವಾಗಿದ್ದು 2016ರಲ್ಲಿ. ಇವತ್ತು ಎಳನೀರು ಗಾಡಿ ಮೇಲೂ ಕ್ಯೂಆರ್ ಸ್ಟಿಕ್ಕರ್ ಇದೆ, ಹೂವಿನ ಬುಟ್ಟಿ ಪಕ್ಕದಲ್ಲೂ ಇದೆ. ಇದು ಯುಬಿಕ್ವಿಟಸ್. ಆದ್ರೆ ಇದಕ್ಕೆ ‘ವೆರಿ’ ಸೇರಿಸಬೇಡಿ. ಎಲ್ಲೆಲ್ಲೂ ಅಂದಮೇಲೆ ತುಂಬಾ ಎಲ್ಲೆಲ್ಲೂ ಏನ್ ಬಂತು?

ವೈಡ್‌ಸ್ಪ್ರೆಡ್ ಹೇಳೋದು ಹರಡಿರೋ ಜಾಗದ ಲೆಕ್ಕ. ಈ ಲೆಕ್ಕವನ್ನ ಪಕ್ಕಾ ಇಟ್ಟಿರೋದು ನಮ್ಮ ಹವಾಮಾನ ಇಲಾಖೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 76ರಿಂದ 100ರಷ್ಟು ಕಡೆ ಮಳೆ ಬಂದ್ರೆ ಮಾತ್ರ ಅದು ವೈಡ್‌ಸ್ಪ್ರೆಡ್. ಶೇ 51ರಿಂದ 75 ಆದ್ರೆ ಫೇರ್ಲಿ ವೈಡ್‌ಸ್ಪ್ರೆಡ್, 26ರಿಂದ 50 ಆದ್ರೆ ಸ್ಕ್ಯಾಟರ್ಡ್, ಅದಕ್ಕಿಂತ ಕಡಿಮೆ ಇದ್ರೆ ಐಸೊಲೇಟೆಡ್. ಪೇಪರ್‌ನಲ್ಲಿ ‘ಬಹುತೇಕ ಕಡೆ’, ‘ಹಲವೆಡೆ’, ‘ಕೆಲವೆಡೆ’, ‘ಒಂದೆರಡು ಕಡೆ’ ಅಂತ ಓದ್ತೀವಲ್ಲ, ಆ ಮಾತುಗಳ ಹಿಂದೆ ಇರೋದು ಈ ಮೆಟ್ಟಿಲು. ಎಷ್ಟು ಜೋರು ಮಳೆ ಅನ್ನೋದು ಬೇರೆ ವಿಷಯ. ಬಹುತೇಕ ಕಡೆ ಬರೀ ತುಂತುರು ಬಂದಿರಬಹುದು, ಒಂದೇ ಕಡೆ ಸೇತುವೆ ಕೊಚ್ಚಿಹೋಗೋ ಹಾಗೆ ಸುರಿದಿರಬಹುದು.

ಈಗ ಪರ್ವೇಸಿವ್. ನಾನು ಓದಿದ್ದು ಕಾಮರ್ಸ್, ಹಾಗಾಗಿ ಈ ಪದದ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ, ಜಾಸ್ತಿ ಭಯ. ಬರೀ ಹರಡಿರೋದಲ್ಲ, ಒಳಗೆಲ್ಲಾ ಇಳಿದುಬಿಟ್ಟಿರೋದು ಪರ್ವೇಸಿವ್. ಮಾವಿನಹಣ್ಣಿನ ಒಂದು ಬದಿ ಕೊಳೆತಿದ್ರೆ ಅಷ್ಟನ್ನ ಕತ್ತರಿಸಿ ಉಳಿದದ್ದು ತಿನ್ನಬಹುದು. ದೋಸೆ ಹಿಟ್ಟಿಗೆ ಸೀಮೆಎಣ್ಣೆ ಬಿದ್ರೆ ಎಲ್ಲಿ ಅಂತ ಕತ್ತರಿಸ್ತೀರಿ?

ಆಡಿಟರ್‌ಗಳು ಕಂಪನಿ ಲೆಕ್ಕ ನೋಡೋದು ಹೆಚ್ಚುಕಮ್ಮಿ ಹೀಗೇ. ನಮ್ಮ ದೇಶದಲ್ಲಿ ಅವರು ಪಾಲಿಸೋ ಎಸ್‌ಎ 705 ಅನ್ನೋ ಮಾನದಂಡದಲ್ಲಿ ಪರ್ವೇಸಿವ್ ಪದ ಇಲ್ಲದೆ ಕೆಲಸವೇ ನಡೆಯಲ್ಲ. ಲೆಕ್ಕದಲ್ಲಿ ದೊಡ್ಡ ತಪ್ಪು ಸಿಕ್ತು, ಆದ್ರೆ ಅದು ಪರ್ವೇಸಿವ್ ಅಲ್ಲ ಅಂದ್ರೆ ‘ಕ್ವಾಲಿಫೈಡ್ ಒಪೀನಿಯನ್’. ಅಂದ್ರೆ ಈ ವಿಷಯ ಒಂದನ್ನ ಬಿಟ್ಟು ಉಳಿದದ್ದು ಸರಿ ಇದೆ ಅಂತ. ತಪ್ಪು ದೊಡ್ಡದೂ ಹೌದು, ಪರ್ವೇಸಿವ್ ಕೂಡ ಹೌದು ಅಂದ್ರೆ ‘ಅಡ್ವರ್ಸ್ ಒಪೀನಿಯನ್’. ಈ ಲೆಕ್ಕಪತ್ರ ಕಂಪನಿಯ ನಿಜಸ್ಥಿತಿ ತೋರಿಸ್ತಾ ಇಲ್ಲ ಅಂತ ಆಡಿಟರ್ ಸಹಿ ಹಾಕಿ ಹೇಳಿದ ಹಾಗೆ. ಎರಡಕ್ಕೂ ಮಧ್ಯ ಇರೋದು ಒಂದು ಪದ. ‘ಕ್ವಾಲಿಫೈಡ್’ ಅಂದ್ರೆ ಪಾಸ್ ಆಗಿದೆ ಅಂತ ತಿಳ್ಕೊಂಡವರೂ ಇದ್ದಾರೆ, ಅದು ಇನ್ನೊಂದು ದಿನದ ಗೋಳು. ಆ್ಯಪಲ್ಲಿ ಷೇರು ಕೊಳ್ಳೋರು ಗ್ರಾಫ್ ನೋಡೋ ಹೊತ್ತಲ್ಲಿ ಐದೇ ನಿಮಿಷ ಆನ್ಯುವಲ್ ರಿಪೋರ್ಟಿನ ಈ ಪುಟ ತೆಗೆದು ನೋಡಿ.

ಕಾಮನ್ ಪದಕ್ಕೆ ಎರಡು ಮುಖ. ಒಂದು, ಆಗಾಗ ಕಾಣಿಸೋದು. ಇನ್ನೊಂದು, ಎಲ್ಲರಿಗೂ ಸೇರಿದ್ದು. ಸಿಇಟಿಯಲ್ಲಿರೋ ಕಾಮನ್ ಎರಡನೇದು, ಎಲ್ಲರಿಗೂ ಒಂದೇ ಪರೀಕ್ಷೆ ಅಂತ. ಕನ್ನಡದಲ್ಲಿ ಅದು ‘ಸಾಮಾನ್ಯ ಪ್ರವೇಶ ಪರೀಕ್ಷೆ’. ಬರೆದವರನ್ನ ಕೇಳಿ, ಅದು ಎಷ್ಟು ಸಾಮಾನ್ಯ ಅಂತ!

ಪ್ರೆವಲೆಂಟ್ ಹೆಚ್ಚಾಗಿ ಆರೋಗ್ಯದ ಸುದ್ದಿಗಳಲ್ಲಿ ಸಿಗುತ್ತೆ. ಅದರ ನಾಮಪದ ಪ್ರೆವಲೆನ್ಸ್, ಅದರ ಜೊತೆಗಾರ ಇನ್ಸಿಡೆನ್ಸ್. 1000 ಜನ ಇರೋ ಒಂದು ಊರಲ್ಲಿ 100 ಜನಕ್ಕೆ ಶುಗರ್ ಇದೆ ಅಂದ್ಕೊಳ್ಳಿ. ಪ್ರೆವಲೆನ್ಸ್ ಶೇ 10. ಆ 100ರಲ್ಲಿ ಈ ವರ್ಷ ಹೊಸದಾಗಿ ಬಂದಿದ್ದು 8 ಜನಕ್ಕೆ ಅಂದ್ರೆ, ಇನ್ಸಿಡೆನ್ಸ್ ಲೆಕ್ಕ ಹಾಕೋದು ಆ 8ರಿಂದ. ಈ ವ್ಯತ್ಯಾಸ ಗೊತ್ತಿಲ್ಲದಿದ್ರೆ ಹೆಡ್‌ಲೈನ್ ಮೋಸ ಮಾಡುತ್ತೆ. ಒಳ್ಳೆ ಚಿಕಿತ್ಸೆ ಸಿಕ್ಕಿ ರೋಗಿಗಳು ಜಾಸ್ತಿ ವರ್ಷ ಬದುಕಿದ್ರೂ ಪ್ರೆವಲೆನ್ಸ್ ಏರುತ್ತೆ. ಎಚ್‌ಐವಿ ವಿಷಯದಲ್ಲಿ ಹೊಸ ಸೋಂಕು ಇಳಿದ್ರೂ ಸೋಂಕಿನ ಜೊತೆ ಬದುಕ್ತಾ ಇರೋರ ಸಂಖ್ಯೆ ಇಳಿಯದೇ ಇರಬಹುದು. ಅದು ಔಷಧಿ ಕೆಲಸ ಮಾಡ್ತಿದೆ ಅನ್ನೋದರ ಗುರುತೂ ಹೌದು.

ಕೊನೇದು ಎಂಡೆಮಿಕ್. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಿಗೂ ಬಂದ ಪದ. ‘ಡೆಮೊಸ್’ ಅಂದ್ರೆ ಗ್ರೀಕ್ ಭಾಷೆಯಲ್ಲಿ ಜನ. ಜನರ ಮೇಲೆ ಎರಗಿದ್ದು ಎಪಿಡೆಮಿಕ್, ಎಲ್ಲ ಜನರನ್ನೂ ಆವರಿಸಿದ್ದು ಪ್ಯಾಂಡೆಮಿಕ್, ಜನರ ಮಧ್ಯೆಯೇ ನೆಲೆ ನಿಂತಿದ್ದು ಎಂಡೆಮಿಕ್. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ಡನ್ನ ಪ್ಯಾಂಡೆಮಿಕ್ ಅಂತ ಕರೆದಿದ್ದು 2020ರ ಮಾರ್ಚ್ 11ರಂದು. ಆಮೇಲೆ ‘ಇನ್ನೇನು ಎಂಡೆಮಿಕ್ ಆಗುತ್ತೆ’ ಅಂದಾಗ ಬಹಳ ಜನ ಕೇಳಿಸಿಕೊಂಡಿದ್ದು ‘ಇನ್ನೇನು ಮುಗಿಯುತ್ತೆ’ ಅಂತ. ಈ ಪದದಲ್ಲಿ ಮುಗಿಯೋ ಮಾತೇ ಇಲ್ಲ. ಮಲೆನಾಡಿನವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬೀಳ್ತಿದ್ದ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಆ ಭಾಗಕ್ಕೆ ಎಂಡೆಮಿಕ್. ಇಷ್ಟು ವರ್ಷ ಆದ್ಮೇಲೂ ಚಳಿ ಮುಗಿದು ಬೇಸಿಗೆ ಬರೋ ಹೊತ್ತಿಗೆ ಸೊಪ್ಪು, ಸೌದೆ, ತರಗೆಲೆ ಅಂತ ಕಾಡಿಗೆ ಹೋಗೋರು ಉಣುಗು ಕಚ್ಚದ ಹಾಗೆ ಮೈಕೈಗೆ ಎಣ್ಣೆ ಹಚ್ಕೊಂಡೇ ಹೋಗ್ತಾರೆ.